ಬಂಗಾರದ ಮೀನಿನ ನೆವದಲ್ಲಿ ಒಂದು ಯಾತ್ರೆ

ಯಾತ್ರೆಗೆ ಹೊರಡುವುದಕ್ಕೆ ಜನರಿಗೆ ನಾನಾ ಕಾರಣಗಳಿರುತ್ತವೆ. ಹರಕೆ ಸಲ್ಲಿಸಲು ಹೋಗುವವರು ಕೆಲವರು. ನೆಂಟರಿಷ್ಟರನ್ನು ಕಾಣಲು ಹೋಗುವವರು ಕೆಲವರು. ಹವೆಯ ಬದಲಾವಣೆಗಾಗಿ ಹೋಗುವವರೂ ಉಂಟು. ಕಳೆದ ಮಾರ್ಗಶಿರ ಮಾಸದಲ್ಲಿ ನಾವು ಮಂಗಳೂರಿನಿಂದ ಮೂಡಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳ ಕಡೆಗೆ ಹೊರಟುದು ಮಾತ್ರ ಒಂದು ಸತ್ತ ಮೀನಿನ ದೆಸೆಯಿಂದ. ಹೆಬ್ಬೆರಳಿನಷ್ಟು ಉದ್ದದ ಆ ಪ್ರಾಣಿಯ ಸಂಗತಿಯನ್ನು ವಾಚಕರ ಮುಂದೆ ಇಡಲು ಮೊದಲು ನನಗೆ ಸಂಕೋಚವಾಯಿತು. ಆದರೆ ಅಂತಹ ಮೀನು ಈಗ ಎಷ್ಟೋ ಮನೆಗಳ ನಡುಕೋಣೆಯಲ್ಲಿದೆ. ನಾವು ಮಾಡಿದ ತಪ್ಪು ಆ ಮನೆಗಳಲ್ಲಿಯೂ ನಡೆಯುತ್ತಿರಬಹುದು. ಆದುದರಿಂದ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳಿಗೆ ಒಂಬತ್ತು ತುಂಬಿದ ದಿನ ಅವಳ ತಂದೆಯು ಒಂದು ಗುಂಡನೆಯ ಗಾಜಿನ ಪಾತ್ರೆಯನ್ನೂ ಎರಡು ಬಂಗಾರದ ಮೀನುಗಳನ್ನೂ ತಂದುಕೊಟ್ಟನು. ಅಂಗಡಿಯಲ್ಲಿ ಗೋಲ್ಡ್ ಫಿಶ್ ಎಂದು ಮಾರುವುದು ಇದನ್ನೇ. ಕೆಲವು ವಾರ ಎಲ್ಲವೂ ಚೆನ್ನಾಗಿಯೇ ಇತ್ತು. ನವರಾತ್ರಿಯಲ್ಲಿ ಮನೆಗೆ ಅಭ್ಯಾಗತರು ಬಂದರು. ಬಂದವರೆಲ್ಲ ಮಗುವಿನ ಮೀನನ್ನು ನೋಡಿದರು. ನೋಡಿದವರೆಲ್ಲ ಏನಾದರೂ ಹಾಕಿದರು. ಒಬ್ಬರು ಚರುಮುರಿ, ಒಬ್ಬರು ಚಪಾತಿಯ ಚೂರು, ಮತ್ತೊಬ್ಬರು ಅನ್ನದ ಅಗುಳು. ಮೀನುಗಳು ಪ್ರತಿಸಲವೂ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಹಸಿದಿರಬೇಕೆಂದು ತಿಳಿದು ನಾನೂ ಒಂದು ಚಿಟಿಕೆ ಹಾಕಿದೆನು. ಮರುದಿನ ಬೆಳಗ್ಗೆ ನೋಡಿದರೆ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ನಾನು ಪಾತ್ರೆಯನ್ನು ಥಳಥಳಿಸುವಂತೆ ತಿಕ್ಕಿ ತೊಳೆದು ನಲ್ಲಿಯಿಂದ ಹೊಸ ನೀರನ್ನು ತುಂಬಿದೆನು. ಸಂಜೆಯ ಹೊತ್ತಿಗೆ ಎರಡರಲ್ಲಿ ಒಂದು ಮಗ್ಗುಲಾಗಿ ತೇಲುತ್ತಿತ್ತು.

“ಅಜ್ಜಾ, ಅದಕ್ಕೆ ಹಸಿವೆಯಾಗಿತ್ತಾ?” ಎಂದು ಮಗು ಕೇಳಿತು.

“ಇಲ್ಲ ಮಗಾ, ನಾವೆಲ್ಲ ಸಾಕಷ್ಟು ಹಾಕಿದೆವಲ್ಲ.”

“ಮತ್ತೆ ಯಾಕೆ ಸತ್ತಿತು?”

ನನ್ನಲ್ಲಿ ಉತ್ತರವಿರಲಿಲ್ಲ. ಅವಳನ್ನು ಸಮಾಧಾನಪಡಿಸಲೆಂದು ಅವಳ ಅಜ್ಜಿ, “ಶಿಶಿಲದ ದೇವರ ಮೀನುಗಳಿಗೆ ದಿನವೂ ಎಷ್ಟೋ ಜನ ಚರುಮುರಿ ಹಾಕುತ್ತಾರೆ. ಅವು ಸುಖವಾಗಿಲ್ಲವೆ? ಇದರ ಆಯುಷ್ಯವೇ ಅಷ್ಟು,” ಎಂದಳು. ಆ ಮಾತು ಮಗುವಿನ ಮನಸ್ಸಿನಲ್ಲಿ ನೆಟ್ಟುಹೋಯಿತು. ಅಲ್ಲಿಯ ಮೀನಿಗೆ ಒಗ್ಗುವುದು ನಮ್ಮ ಮೀನಿಗೆ ಏಕೆ ಒಗ್ಗಲಿಲ್ಲ? ದಿನಕ್ಕೆರಡು ಸಲ ಕೇಳತೊಡಗಿದಳು. ಮೀನುಗಾರಿಕೆಯ ಶಾಸ್ತ್ರವನ್ನು ಓದಿದ ನನ್ನ ಸೋದರಳಿಯನೊಬ್ಬನಿದ್ದಾನೆ. ಮಂಗಳೂರಿನಲ್ಲಿ ೧೯೬೯ರಿಂದ ನಡೆಯುತ್ತಿರುವ ಮೀನುಗಾರಿಕೆ ಕಾಲೇಜಿನಲ್ಲಿ ಕಲಿತವನು. ಅವನಿಗೆ ಹೇಳಿಕಳುಹಿಸಿದೆವು. ಅವನು ಬಂದು ಉಳಿದ ಮೀನನ್ನು ಒಂದು ಅಗಲವಾದ ಬಾನಿಗೆ ವರ್ಗಾಯಿಸಿ, “ಮಾವ, ಉತ್ತರವನ್ನು ಇಲ್ಲಿ ಕುಳಿತು ಹೇಳಬಹುದು. ಆದರೆ ಶಿಶಿಲದಲ್ಲಿ ನಿಂತು ಹೇಳಿದರೆ ಮಗುವಿಗೆ ಮರೆಯಲಾರದು,” ಎಂದನು. ಹೀಗೆ ನಮ್ಮ ಪಯಣ ಗೊತ್ತಾಯಿತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಮೀನು ಕಾಣದು. ನೀರು ತಿಳಿಯಾಗುವವರೆಗೆ ಕಾದು ಹೊರಟೆವು.

ಮೊದಲ ದಿನ ಮೂಡಬಿದಿರೆಯಲ್ಲಿ ಇಳಿದೆವು. ಇದು ಜೈನರ ಕಾಶಿಯೆಂದು ಹೆಸರಾದ ಊರು. ಇಲ್ಲಿ ೧೮ ಬಸದಿ, ೧೮ ದೇವಸ್ಥಾನ, ೧೮ ಕೆರೆ ಎಂದು ಹೇಳುವ ವಾಡಿಕೆಯಿದೆ. ೧೪೩೦ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿಯನ್ನು, ಅಂದರೆ ಸಾವಿರ ಕಂಬದ ಬಸದಿಯನ್ನು ಕಾಣದೆ ಯಾರೂ ಮುಂದೆ ಹೋಗುವುದಿಲ್ಲ; ನಾವೂ ಕಂಡೆವು. ಕಂಬದಿಂದ ಕಂಬಕ್ಕೆ ಬದಲಾಗುವ ಕೆತ್ತನೆಗಳನ್ನು ನೋಡುತ್ತ ಮಗು ಅರ್ಧ ಗಂಟೆ ತನ್ನ ದುಃಖವನ್ನು ಮರೆತಿತ್ತು. ಮಧ್ಯಾಹ್ನಕ್ಕೆ ನಮ್ಮ ಹಳೆಯ ಪರಿಚಯದ ಒಂದು ಜೈನ ಮನೆಗೆ ಹೋದೆವು. ಅಲ್ಲಿಯ ಹಿರಿಯಮ್ಮನವರು ಬಾವಿಯ ನೀರನ್ನು ಮಡಿಸಿದ ಬಿಳಿಯ ಬಟ್ಟೆಯಲ್ಲಿ ಸೋಸಿದರು. ಬಳಿಕ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಆ ನೀರನ್ನು ಮೆಲ್ಲನೆ ಮತ್ತೆ ಬಾವಿಗೆ ಇಳಿಸಿದರು. ಕಣ್ಣಿಗೆ ಕಾಣದ ಜೀವಿಗಳು ಸಾಯಬಾರದೆಂಬ ಕಟ್ಟಳೆಯಿದು. ಜೈನರಲ್ಲಿ ಬಹು ಪುರಾತನವಾದುದು.

ಮಗು ಕೇಳಿತು: “ಅಜ್ಜೀ, ಅಂಗಳದ ತೊಟ್ಟಿಗೇ ಹೊಯ್ಯಬಹುದಿತ್ತಲ್ಲ? ಅಲ್ಲಿಯೂ ನೀರುಂಟು.”

ಅವರು ನಕ್ಕು, “ಬಾವಿಯದ್ದಕ್ಕೆ ಬಾವಿಯೇ ಮನೆ ಮಗಳೇ. ಬೇರೆ ನೀರಿಗೆ ಹಾಕಿದರೆ ಬದುಕಿಸಿದ ಹಾಗೆ ಆಗುವುದಿಲ್ಲ,” ಎಂದರು.

ಈ ಮಾತು ಆ ಸಂಜೆಯೇ ಕೆಲಸಕ್ಕೆ ಬಂತು. ಕಡಲಕೆರೆಯ ಬಳಿ ತಿರುಗಾಡಲು ಹೋಗಿದ್ದೆವು. ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವ ಸ್ಥಳವದು. ಕೆರೆಯ ನೀರು ವಿಶಾಲವಾಗಿ ಹರಡಿದೆ. ಅದನ್ನು ನೋಡುತ್ತಲೇ ಮಗುವಿಗೆ ಒಂದು ಉಪಾಯ ಹೊಳೆಯಿತು. ಮನೆಯಲ್ಲಿ ಉಳಿದ ಒಂಟಿ ಮೀನನ್ನು ಇಲ್ಲಿಗೇ ತಂದು ಬಿಟ್ಟರೆ ಅದು ಸುಖವಾಗಿರಲಾರದೆ? ಹಿರಿಯರಿಗೂ ಇದು ಪುಣ್ಯದ ಕೆಲಸವೆಂದೇ ತೋರುವುದು. ಸೋದರಳಿಯನು ಒಪ್ಪಲಿಲ್ಲ. ಬಂಗಾರದ ಮೀನು ನಮ್ಮ ನಾಡಿನದಲ್ಲ. ಚೀನದೇಶದವರು ಸಾವಿರ ವರ್ಷಕ್ಕೂ ಹಿಂದೆ ಬೂದುಬಣ್ಣದ ಒಂದು ಗೆಂಡೆಜಾತಿಯ ಮೀನನ್ನು ಕೊಳಗಳಲ್ಲಿ ಸಾಕಿ, ಹೊಂಬಣ್ಣದವನ್ನು ಆರಿಸಿ ಆರಿಸಿ ಬೆಳೆಸಿದುದರ ಫಲವಿದು. ಕೆರೆಯ ತಳವನ್ನು ಕೆದಕಿ ಮೇಯುವುದು ಇದರ ಸ್ವಭಾವ. ಬಿಟ್ಟ ಮೀನು ಹೊಳೆಯುವ ಮೈಯಿಂದಾಗಿ ಮಿಂಚುಳ್ಳಿಗೆ ತುತ್ತಾಗಬಹುದು. ಬದುಕಿ ಹೆಚ್ಚಿದರೆ ನೀರನ್ನು ರಾಡಿಮಾಡಿ, ಜಲಸಸ್ಯಗಳನ್ನು ಕಿತ್ತು, ತನ್ನೊಡನೆ ತಂದ ರೋಗವನ್ನು ಊರಿನ ಮೀನುಗಳಿಗೆ ಹರಡಬಹುದು. ಮನೆಯಲ್ಲಿ ಬೇಡವಾದ ಇಂತಹ ಮೀನುಗಳನ್ನು ಜನರು ಸರೋವರಗಳಿಗೆ ಬಿಟ್ಟುದರಿಂದ ಅಮೇರಿಕ, ಆಸ್ಟ್ರೇಲಿಯಗಳಲ್ಲಿ ಅವು ದೊಡ್ಡ ಉಪದ್ರವವೇ ಆಗಿವೆ. “ಬಾವಿಯದ್ದಕ್ಕೆ ಬಾವಿಯೇ ಮನೆ ಎಂದು ಆ ಅಜ್ಜಿ ಹೇಳಿದರಲ್ಲ? ನಿನ್ನ ಮೀನಿಗೆ ನಿನ್ನ ಮನೆಯೇ ಮನೆ. ಅದನ್ನು ಚೆನ್ನಾಗಿ ಇಡಬೇಕು, ಅಷ್ಟೆ,” ಎಂದನು ಅವನು.

ಮರುದಿನ ಬೆಳಗ್ಗೆ ವೇಣೂರಿನ ದಾರಿ ಹಿಡಿದೆವು. ಫಲ್ಗುಣಿಯ ದಡದಲ್ಲಿ ಅಜಿಲ ಅರಸರ ಕಾಲಕ್ಕೆ, ೧೬೦೪ರಲ್ಲಿ, ಪ್ರತಿಷ್ಠೆಯಾದ ಬಾಹುಬಲಿಯು ಸುಮಾರು ೩೫ ಅಡಿ ಎತ್ತರಕ್ಕೆ ನಿಂತಿದ್ದಾನೆ. ಅಲ್ಲಿಂದ ಗುರುವಾಯನಕೆರೆಯ ಮೂಲಕ ಬೆಳ್ತಂಗಡಿಗೆ ಬಂದು, ಉಜಿರೆ, ಧರ್ಮಸ್ಥಳಗಳನ್ನು ದಾಟಿ, ಅರಸಿನಮಕ್ಕಿಯ ಮಾರ್ಗವಾಗಿ ಶಿಶಿಲವನ್ನು ಸೇರುವಾಗ ಹೊತ್ತು ಸಾಕಷ್ಟು ಏರಿತ್ತು. ದಾರಿಯುದ್ದಕ್ಕೂ ಅಡಿಕೆಯ ತೋಟಗಳು, ರಬ್ಬರಿನ ನೆರಳು. ಎದುರಿಗೆ ಪಶ್ಚಿಮಘಟ್ಟದ ಗೋಡೆ. ಎತ್ತಿನಭುಜ, ಅಮೇದಿಕಲ್ಲು ಮೊದಲಾದ ಶಿಖರಗಳಿಗೆ ಹತ್ತುವವರು ಈ ಕಡೆಯಿಂದಲೂ ಹೋಗುತ್ತಾರೆ. ಆ ಮಲೆಗಳಿಂದ ಇಳಿದು ಬರುವ ಕಪಿಲಾ ಹೊಳೆಯ ದಡದಲ್ಲಿ ಶಿಶಿಲೇಶ್ವರನ ಗುಡಿಯಿದೆ. ಮತ್ಸ್ಯತೀರ್ಥವೆಂದು ಪ್ರಸಿದ್ಧಿಯಾದ ಸ್ಥಳವಿದೇ.

ಮೆಟ್ಟಿಲಿಳಿದು ನೀರಿನ ಅಂಚಿಗೆ ಬಂದೊಡನೆ ಮಗು ಉಸಿರು ಬಿಗಿಹಿಡಿಯಿತು. ತಿಳಿನೀರಿನಲ್ಲಿ ತೋಳಿನಷ್ಟು ಉದ್ದದ ಮೀನುಗಳು ಒಂದರ ಬೆನ್ನಿಗೆ ಒಂದು ತಾಗುವಂತೆ ನೂಕುನುಗ್ಗಲಾಗಿ ಬಂದವು. ದೊಡ್ಡ ದೊಡ್ಡ ಹುರುಪೆಗಳು ಬಿಸಿಲಿಗೆ ತಾಮ್ರದಂತೆ ಹೊಳೆಯುತ್ತಿದ್ದವು. ತುಳುವರು ಇವನ್ನು ಪೆರುವೋಳು ಎನ್ನುತ್ತಾರೆ, ಭಕ್ತರಿಗೆ ಇವು ದೇವರ ಮೀನು, ಶಾಸ್ತ್ರಜ್ಞರಿಗೆ ಮಹಶೀರ್. ಇಲ್ಲಿ ಇವನ್ನು ಯಾರೂ ಹಿಡಿಯುವುದಿಲ್ಲ, ತಿನ್ನುವುದಿಲ್ಲ. ಬಂದವರು ಅಕ್ಕಿ, ಚರುಮುರಿಗಳನ್ನು ಹಾಕಿ ಕೈಮುಗಿಯುತ್ತಾರೆ. ಮಗು ಬೊಗಸೆಯಿಂದ ಒಂದಿಷ್ಟು ಚೆಲ್ಲಿತು. ನೀರು ಕುದಿದಂತಾಗಿ ಕ್ಷಣಾರ್ಧದಲ್ಲಿ ಎಲ್ಲವೂ ಮಾಯವಾಯಿತು.

“ನೋಡಿದಿರಾ! ಇವಕ್ಕೆ ಏನೂ ಆಗಲಿಲ್ಲ,” ಎಂದಳು ಅಜ್ಜಿ.

ಸೋದರಳಿಯನು ಮೆಟ್ಟಿಲ ಮೇಲೆ ಕುಳಿತು ನಮಗೆ ಪಾಠ ಹೇಳಿದನು. ಅದರ ಸಾರವನ್ನು ವಾಚಕರಿಗಾಗಿ ಬರೆಯುತ್ತೇನೆ.

ಈ ಪೆರುವೋಳು, ನಮ್ಮ ಮನೆಯ ಬಂಗಾರದ ಮೀನು, ಕೆರೆಯ ಗೆಂಡೆ ಇವೆಲ್ಲ ಒಂದೇ ಕುಟುಂಬದವು. ಈ ಕುಟುಂಬದ ಮೀನುಗಳಿಗೆ ಬಾಯಿಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಇವಕ್ಕೆ ಜಠರವೆಂಬ ಚೀಲವಿಲ್ಲ. ನುಂಗಿದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ನಮಗಾದರೆ ಉಂಡುದನ್ನು ಕೆಲಹೊತ್ತು ಇಟ್ಟುಕೊಳ್ಳಲು ಸ್ಥಳವುಂಟು, ಇವಕ್ಕೆ ಇಲ್ಲ. ಆದುದರಿಂದ ಇವು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಿರುತ್ತವೆ. ಎದುರಿಗೆ ಸಿಕ್ಕಿದ್ದನ್ನು ಬಿಡುವುದಿಲ್ಲ. ಬಾಯಿ ತೆರೆಯುವುದು ಹಸಿವಿನ ಗುರುತಲ್ಲ, ಅಭ್ಯಾಸ. ನವರಾತ್ರಿಯ ದಿನ ನಮ್ಮ ಮೀನು ಬಾಯಿ ತೆರೆದಾಗಲೆಲ್ಲ ನಾವು ಹಸಿವೆಂದು ತಿಳಿದುದೇ ಮೊದಲನೆಯ ತಪ್ಪು.

ಎರಡನೆಯದು ನೀರಿನ ಸಂಗತಿ. ಮೀನು ಉಸಿರಾಡುವ ಕಿವಿರುಗಳಿಂದಲೇ ಅದರ ಮೈಯ ಕಲ್ಮಷವು ಅಮೋನಿಯ ಎಂಬ ವಿಷವಾಗಿ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯ. ಹೊಳೆಯಲ್ಲಿ ಹರಿವು ಅದನ್ನು ಕೊಂಡೊಯ್ಯುತ್ತದೆ. ಕಲ್ಲುಗಳಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಅಷ್ಟೊಂದು ಹಾನಿಯಿಲ್ಲದ ನೈಟ್ರೇಟಾಗಿಯೂ ಮಾಡುತ್ತವೆ. ಕಲ್ಲಿನಿಂದ ಕಲ್ಲಿಗೆ ಧುಮುಕುವ ನೀರು ಗಾಳಿಯನ್ನು ತುಂಬಿಕೊಳ್ಳುತ್ತದೆ. ಗಾಜಿನ ಬುರುಡೆಯಲ್ಲಿ ಹರಿವೆಲ್ಲಿದೆ? ಅಲ್ಲಿ ಮೀನು ಉಣ್ಣುವುದು, ವಿಸರ್ಜಿಸುವುದು, ಉಸಿರಾಡುವುದು ಎಲ್ಲವೂ ಒಂದೇ ಬೊಗಸೆ ನೀರಿನಲ್ಲಿ. ಪಾತ್ರೆಯ ಗಾಜಿಗೂ ತಳದ ಕಲ್ಲಿಗೂ ಅಂಟಿಕೊಂಡು ಒಂದಿಷ್ಟು ಉಪಕಾರಿ ಜೀವಿಗಳು ಬೆಳೆದಿದ್ದವೋ ಏನೋ. ಅವನ್ನು ನಾನು ತಿಕ್ಕಿ ತೊಳೆದು, ಮೇಲಿಂದ ಕ್ಲೋರಿನ್ ಬೆರೆತ ನಲ್ಲಿನೀರನ್ನು ಒಮ್ಮೆಗೇ ಸುರಿದಿದ್ದೆನು. ಬಳಲಿದ ಮೀನಿಗೆ ಅದು ಕೊನೆಯ ಪೆಟ್ಟಾಯಿತು.

“ಅದು ಹಸಿದು ಸಾಯಲಿಲ್ಲ ಮಾವ, ಉಂಡ ಮನೆಯಲ್ಲಿ ಉಸಿರುಕಟ್ಟಿ ಸತ್ತಿತು,” ಎಂದನು. ನನ್ನ ತಪ್ಪನ್ನು ಮಗುವಿನೆದುರು ಒಪ್ಪಿಕೊಂಡೆನು. ಅವಳು ನನ್ನ ಕೈಹಿಡಿದು ಸುಮ್ಮನೆ ಕುಳಿತಳು.

ಹೊರಡುವಾಗ ಅಲ್ಲಿಯ ವೃದ್ಧರೊಬ್ಬರು ನಮಗೆ ಮತ್ಸ್ಯಸ್ಮಾರಕವನ್ನು ತೋರಿಸಿದರು. ೧೯೯೬ರಲ್ಲಿ ದುಷ್ಕರ್ಮಿಗಳು ಈ ಹೊಳೆಗೆ ವಿಷ ಹಾಕಿದರು; ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗಾಗಿ ಊರವರು ಈ ಸ್ಮಾರಕವನ್ನು ನಿಲ್ಲಿಸಿದ್ದಾರೆ. ಮನುಷ್ಯರಿಗೆ ಸ್ಮಾರಕ ಕಟ್ಟುವುದನ್ನು ಎಲ್ಲೆಲ್ಲಿಯೂ ಕಂಡಿದ್ದೇವೆ. ಮೀನುಗಳಿಗಾಗಿ ಕಟ್ಟಿದುದನ್ನು ನಾನು ಕಂಡುದು ಇಲ್ಲಿಯೇ. “ಎಷ್ಟು ತಲೆಮಾರಿನಿಂದ ಅನ್ನ ಹಾಕಿ ಸಾಕಿದ ಮೀನು ಸ್ವಾಮಿ. ಆದರೆ ನೀರು ಕೆಟ್ಟ ದಿನ ನಾವು ಹಾಕಿದ ಅನ್ನ ಒಂದನ್ನೂ ಉಳಿಸಲಿಲ್ಲ,” ಎಂದರು ಅವರು. ಈಗಲೂ ಬೇಸಗೆಯಲ್ಲಿ ಹರಿವು ತಗ್ಗಿದಾಗ, ತಿನ್ನದೆ ಉಳಿಯುವಷ್ಟು ಹಾಕುವುದೂ ಪ್ಲಾಸ್ಟಿಕಿನ ಚೀಲಗಳನ್ನು ಬಿಟ್ಟುಹೋಗುವುದೂ ಈ ಜೀವಿಗಳಿಗೆ ಒಳ್ಳೆಯದಲ್ಲ. ಭಕ್ತಿಗೆ ಒಂದು ಹಿಡಿ ಸಾಕು.

ಮಗು ಸ್ಮಾರಕದ ಮುಂದೆ ಬಹಳ ಹೊತ್ತು ನಿಂತಿತ್ತು. ಬಳಿಕ ಕೇಳಿದ್ದು ಒಂದೇ ಪ್ರಶ್ನೆ: “ಹೊಳೆಗೆ ಹಾಕಿದವರಿಗೆ ಅದು ವಿಷ ಎಂದು ಗೊತ್ತಿತ್ತಾ?” ಗೊತ್ತಿತ್ತೆಂದೆವು. “ನಮಗೆ ಗೊತ್ತಿರಲಿಲ್ಲ,” ಎಂದಳು. ಅದರಲ್ಲಿ ಸಮಾಧಾನವೂ ಇತ್ತು. ಇನ್ನು ಮುಂದೆ ಗೊತ್ತಿಲ್ಲವೆನ್ನುವಂತಿಲ್ಲ ಎಂಬ ಭಾರವೂ ಇತ್ತು.

ಆ ರಾತ್ರಿ ಬೆಳ್ತಂಗಡಿಯ ನೆಂಟರ ಮನೆಯಲ್ಲಿ ತಂಗಿ ಮೂರನೆಯ ದಿನ ಬಂಟ್ವಾಳಕ್ಕೆ ಇಳಿದೆವು. ಶಿಶಿಲದ ಕಪಿಲೆಯು ಕೊನೆಗೆ ಸೇರುವುದು ನೇತ್ರಾವತಿಯನ್ನು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ನೇತ್ರಾವತಿಯು ಬಂಟ್ವಾಳದಲ್ಲಿ ಮಹಾನದಿಯಾಗಿಯೇ ಕಾಣುತ್ತಾಳೆ. ನದಿಯನ್ನು ನಂಬಿ ಬೆಳೆದ ಪೇಟೆಯಿದು. ಘಟ್ಟದ ಸರಕು ದೋಣಿಗಳಲ್ಲಿ ಮಂಗಳೂರಿಗೆ ಇಳಿಯುತ್ತಿದ್ದ ಕಾಲವೊಂದಿತ್ತು. ನದಿಯಿಂದಲೇ ಪೆಟ್ಟು ತಿಂದ ಪೇಟೆಯೂ ಹೌದು. ೧೯೨೩ ಮತ್ತು ೧೯೭೪ರ ಮಹಾಪೂರಗಳನ್ನು ಇಲ್ಲಿಯ ಹಳೆಯ ಮನೆತನಗಳು ಮರೆತಿಲ್ಲ.

ಬಿ.ಸಿ. ರೋಡಿನಲ್ಲಿ ಸಾಕುಮೀನಿನ ಅಂಗಡಿಯೊಂದನ್ನು ಹೊಕ್ಕೆವು. ಅಂಗಡಿಯಾತನು ಮೊದಲು ಕೈಗೆ ಕೊಟ್ಟುದು ದೊಡ್ಡದೊಂದು ಚೀಲ; ಬೆಲೆ ಅಗ್ಗ. ಸೋದರಳಿಯನು ಅದನ್ನು ಬೆಲೆಗಾಗಿ ನೋಡದೆ ಹಿಂದೆ ಬರೆದುದಕ್ಕಾಗಿ ನೋಡಿದನು. ಮಗುವಿಗೂ ಓದಿಸಿದನು. ಗೃಹಿಣಿಯರು ಅಕ್ಕಿಬೇಳೆಗಳನ್ನು ಆರಿಸುವಾಗ ತೋರುವ ಜಾಣ್ಮೆಯೇ ಇಲ್ಲಿಯೂ ಬೇಕೆಂದು ನನಗೆ ತಿಳಿದುದು ಆಗಲೇ. ಅವನು ಹೇಳಿದ ಲಕ್ಷಣಗಳು ಇವು:

ಘಟಕಗಳ ಪಟ್ಟಿಯಲ್ಲಿ ಮೊದಲ ಹೆಸರು ಮೀನಿನದೋ ಸಿಗಡಿಯದೋ ಪುಡಿಯಾಗಿರಬೇಕು. ಮೊದಲಿಗೇ ಗೋಧಿ, ಜೋಳಗಳ ಹಿಟ್ಟು ಬಂದರೆ ಅದು ಹೊಟ್ಟೆ ತುಂಬಿಸುವ ವಸ್ತು, ಮೈಗೆ ಹಿಡಿಯುವುದಲ್ಲ. ಸಸಾರಜನಕವು ನೂರಕ್ಕೆ ಸುಮಾರು ೩೦ರಿಂದ ೪೦ರವರೆಗೆ ಇದ್ದರೆ ಸಾಕು. ಬಂಗಾರದ ಮೀನು ಸೊಪ್ಪನ್ನೂ ತಿನ್ನುವ ಪ್ರಾಣಿಯಾದುದರಿಂದ ಪಾಚಿಯೋ ಬೇರೆ ಸಸ್ಯಾಂಶವೋ ಬೆರೆತಿರುವುದು ಒಳ್ಳೆಯದು. ತೇಲುವ ಹಾಳೆಗಿಂತ ತಳಕ್ಕೆ ಮುಳುಗುವ ಸಣ್ಣ ಗುಳಿಗೆಯು ಅದರ ಮೇಯುವ ರೀತಿಗೆ ಹೊಂದುತ್ತದೆ. ಹಾಕುವ ಮೊದಲು ಒಂದು ನಿಮಿಷ ನೆನೆಸಿದರೆ ಇನ್ನೂ ಮೇಲು. ತಯಾರಾದ ತಿಂಗಳನ್ನು ನೋಡಬೇಕು. ತೆರೆದ ಬಳಿಕ ಅದರ ಜೀವಸತ್ವಗಳು, ಮುಖ್ಯವಾಗಿ ಸಿ ಜೀವಸತ್ವವು, ದಿನದಿಂದ ದಿನಕ್ಕೆ ಕುಂದುತ್ತವೆ. ನಮ್ಮ ಕರಾವಳಿಯ ಆಷಾಢದ ತೇವಕ್ಕೆ ಬೂಷ್ಟು ಹಿಡಿಯಲು ತಡವಾಗದು. ಬೂಷ್ಟಿನ ಆಹಾರ ವಿಷಕ್ಕೆ ಸಮ. ಆದುದರಿಂದ ಅಗ್ಗದ ದೊಡ್ಡ ಚೀಲಕ್ಕಿಂತ ಬಿಗಿಮುಚ್ಚಳದ ಚಿಕ್ಕ ಡಬ್ಬಿಯೇ ಲಾಭ.

ಅಂಗಡಿಯಾತನು, “ನೀವು ಹೇಳುವುದು ಸರಿ. ಆದರೆ ಎಲ್ಲರೂ ದೊಡ್ಡದೇ ಕೇಳುತ್ತಾರೆ ಮಾರಾಯ್ರೆ. ಡಬ್ಬಿ ದೊಡ್ಡದಾದಷ್ಟು ಕೈಯೂ ದೊಡ್ಡದಾಗುತ್ತದೆ,” ಎಂದು ನಕ್ಕು ಚಿಕ್ಕದನ್ನೇ ತೆಗೆದುಕೊಟ್ಟನು.

ಯಾವ ಮೀನಿಗೆ ಯಾವ ಆಹಾರವೆಂಬ ವಿಚಾರ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನಿನ ಜಾತಿಗಳನ್ನೂ ಅವಕ್ಕೆ ಹಾಕುವ ಆಹಾರಗಳನ್ನೂ ಅಲ್ಲಿ ವಿವರಿಸಿದೆ. ಅರಸನದು ಗಾಳದ ವಿನೋದ. ನಮ್ಮದು ಸಾಕುವ ವಿನೋದ. ಸಾಕುವವನಿಗೆ ವಿವೇಕವು ಹೆಚ್ಚೇ ಬೇಕು.

ಅಲ್ಲಿಂದ ಮಂಗಳೂರಿನ ದಾರಿಯಲ್ಲಿ ತುಂಬೆಯ ಬಳಿ ಗಾಡಿಯನ್ನು ನಿಲ್ಲಿಸಿದೆವು. ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನಲ್ಲಿ ನೀರು ನಿಂತಿತ್ತು. ಮಂಗಳೂರು ನಗರಕ್ಕೆ ಕುಡಿಯುವ ನೀರು ಹೋಗುವುದು ಇಲ್ಲಿಂದ. ಸೋದರಳಿಯನು ಅದನ್ನು ಹೇಳಿದೊಡನೆ ಮಗು ಬೆರಗಾಗಿ, “ಹಾಗಾದರೆ ದೇವರ ಮೀನು ಇದ್ದ ನೀರೇ ನಮ್ಮ ನಲ್ಲಿಗೆ ಬರುವುದಾ?” ಎಂದು ಕೇಳಿತು.

“ಹೌದು. ಅದರಲ್ಲಿ ಶಿಶಿಲದ ಪಾಲೂ ಉಂಟು. ಶುದ್ಧಮಾಡಿ, ಕ್ಲೋರಿನ್ ಬೆರೆಸಿ ಕಳುಹಿಸುತ್ತಾರೆ. ಮನುಷ್ಯರಿಗೆ ಅದು ರಕ್ಷೆ. ಮೀನಿನ ಕಿವಿರಿಗೆ ಸುಡುವ ಮದ್ದು. ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ.”

ಮನೆಗೆ ಬಂದ ಮೇಲೆ ನಾವು ಮಾಡಿದುದನ್ನು ಹೇಳಿ ಈ ಬರೆಹವನ್ನು ಮುಗಿಸುತ್ತೇನೆ. ಗಾಜಿನ ಬುರುಡೆಯನ್ನು ಹೂವಿನ ಗಿಡಕ್ಕೆ ಕೊಟ್ಟೆವು. ಉಳಿದ ಮೀನಿಗೆ ಸುಮಾರು ೮೦ ಲೀಟರ್ ನೀರು ಹಿಡಿಯುವ ಅಗಲ ಬಾಯಿಯ ತೊಟ್ಟಿ ಬಂತು. ಒಂದು ಮೀನಿಗೆ ಇಷ್ಟೇಕೆ ಎಂದು ಕೇಳಬೇಡಿರಿ. ಚೆನ್ನಾಗಿ ಸಾಕಿದ ಬಂಗಾರದ ಮೀನು ಗೇಣುದ್ದ ಬೆಳೆಯುತ್ತದೆ, ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನಲ್ಲಿ ೧೯೫೬ರಲ್ಲಿ ಜಾತ್ರೆಯ ಆಟವೊಂದರಲ್ಲಿ ಬಹುಮಾನವಾಗಿ ಬಂದ ಒಂದು ಮೀನು ೧೯೯೯ರವರೆಗೆ, ಎಂದರೆ ೪೩ ವರ್ಷ ಬಾಳಿತ್ತು. ಇದು ತಂಪುನೀರಿನ ಪ್ರಾಣಿ. ೨೦ ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು ೯ ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲುದು; ೩೦ ಡಿಗ್ರಿಗೆ ಏರಿದರೆ ಏಳೂವರೆಯಷ್ಟು ಮಾತ್ರ. ಆದುದರಿಂದ ನಮ್ಮ ವೈಶಾಖದ ಸೆಕೆಯಲ್ಲಿ ತೊಟ್ಟಿಯನ್ನು ಬಿಸಿಲು ತಾಗದಲ್ಲಿ ಇಟ್ಟು, ಗಾಳಿಯೂಡುವ ಯಂತ್ರವನ್ನು ನಡೆಸಬೇಕು.

ಸೋಸುವ ಸ್ಪಂಜೊಂದನ್ನು ಇಟ್ಟಿದ್ದೇವೆ. ಉಪಕಾರಿ ಜೀವಿಗಳು ನೆಲೆಸುವುದು ಅದರಲ್ಲಿ. ಅವು ಬೆಳೆಯಲು ಕೆಲವು ವಾರಗಳೇ ಬೇಕು, ಅಷ್ಟರವರೆಗೆ ಆಹಾರ ಕಡಿಮೆ, ನೀರಿನ ಬದಲಾವಣೆ ಹೆಚ್ಚು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡುತ್ತೇವೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು, ಒಂದು ದಿನ ತೆರೆದಿಟ್ಟ ನೀರನ್ನು ತುಂಬುತ್ತೇವೆ, ಪೂರಾ ಬದಲಾಯಿಸುವುದಿಲ್ಲ. ಬಾವಿಯ ನೀರನ್ನು ಬಳಸುವವರಿಗೆ ಒಂದು ಸೂಚನೆ: ನಮ್ಮ ಮುರಕಲ್ಲಿನ ನೆಲದ ಬಾವಿಗಳಲ್ಲಿ ಕ್ಲೋರಿನಿನ ಭಯವಿಲ್ಲ, ಆದರೆ ನೀರು ಸಾಮಾನ್ಯವಾಗಿ ತುಸು ಆಮ್ಲಗುಣದ್ದು. ಚೆನ್ನಾಗಿ ತೊಳೆದು ಒಣಗಿಸಿದ ಮರುವಾಯಿಯ ಚಿಪ್ಪುಗಳನ್ನು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಆ ಗುಣ ಹದವಾಗುತ್ತದೆ.

ಆಹಾರ ದಿನಕ್ಕೆ ಎರಡು ಸಲ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಉಳಿದರೆ ತೆಗೆದುಬಿಡಬೇಕು. ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಹಸಿಬಟಾಣಿಯ ಒಂದು ಕಾಳನ್ನು ಚೂರುಮಾಡಿ ಕೊಡುತ್ತೇವೆ. ವಾರಕ್ಕೊಂದು ದಿನ ಉಪವಾಸ. ಏಕಾದಶಿಯ ದಿನ ಅಜ್ಜಿಯ ಜತೆಗೆ ಮೀನಿಗೂ ಉಪವಾಸವೆಂದು ಮಗು ಮೊದಲು ಗೊತ್ತುಮಾಡಿತ್ತು. ಅದು ಹದಿನೈದು ದಿನಕ್ಕೊಮ್ಮೆಯೆಂದು ತಿಳಿದ ಮೇಲೆ ಸೋಮವಾರಕ್ಕೆ ಬದಲಾಯಿಸಿತು. ಆರೋಗ್ಯವಾದ ಬಂಗಾರದ ಮೀನು ಆಹಾರವಿಲ್ಲದೆ ಕೆಲವು ದಿನ ಇರಬಲ್ಲುದು. ಕೆಟ್ಟ ನೀರಿನಲ್ಲಿ ಒಂದು ರಾತ್ರಿಯೂ ಇರಲಾರದು.

ಮೊನ್ನೆ ಸಂಕ್ರಾಂತಿಗೆ ಮತ್ತೆ ಅಭ್ಯಾಗತರು ಬಂದಿದ್ದರು. ತೊಟ್ಟಿಯ ಬಳಿಗೆ ಹೋದ ನನ್ನ ಭಾವನವರು ಎಂದಿನಂತೆ ಕೈಯಲ್ಲಿದ್ದ ಎಳ್ಳುಂಡೆಯ ಚೂರನ್ನು ಮುರಿದರು. ಮೀನೂ ಎಂದಿನಂತೆ ಮೇಲೆ ಬಂದು ಬಾಯಿ ತೆರೆಯಿತು. ಮೊಮ್ಮಗಳು ಮೆಲ್ಲನೆ ಅವರ ಕೈಹಿಡಿದು, “ಅಜ್ಜಾ, ಅದಕ್ಕೆ ಹಸಿವೆಯಿಲ್ಲ. ನಿಮಗೆ ಏನಾದರೂ ಕೊಡಬೇಕೆಂದಿದ್ದರೆ ನಾಳೆ ಬೆಳಗ್ಗೆ ಬನ್ನಿ, ನೀರು ಹೊರಲು ಜನ ಬೇಕು,” ಎಂದಳು.

ಅವರು ಬಂದರು, ಎರಡು ಕೊಡ ಹೊತ್ತರು.